ಗೂಟ ಹೊಡೆಯುವ ಊರು

ಇಂಗ್ಲೆಂಡಿಗೆ ಹೋಗಿ ಬಂದವರೆಲ್ಲ ಬರೆಯಬೇಕೆಂಬ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಈಗ ಶಿರಾದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೂಗಿದರೆ ಲಂಡನ್ ನೋಡಿದವರು ನಾಲ್ಕು ಜನ ತಿರುಗಿ ನೋಡುತ್ತಾರೆ. ನಾನು ಬರೆಯಲು ಕೂತಿರುವುದು ಒಂದೂವರೆ ಅಡಿ ಜಾಗದ ಕಾರಣಕ್ಕೆ.

ಜಾಗ ನಮ್ಮೂರಿನದು. ನಮ್ಮಪ್ಪನ ಹೊಲಕ್ಕೂ ಚಿಕ್ಕಪ್ಪನ ಹೊಲಕ್ಕೂ ನಡುವಿನ ಬದು. 1987ರಲ್ಲಿ ಪಾಲಾದಾಗ ಇಬ್ಬರೂ ಒಟ್ಟಿಗೆ ನಿಂತು ಹಗ್ಗ ಹಿಡಿದು ಹಾಕಿದ್ದು. ಆಮೇಲೆ ಯಾರು ಯಾರ ಕಡೆಗೆ ಬದು ಒತ್ತಿದರೋ ದೇವರಿಗೇ ಗೊತ್ತು, 1998ರಲ್ಲಿ ಕೋರ್ಟಿಗೆ ಹೋಯಿತು. ಅಪ್ಪ ತೀರಿಕೊಂಡರು, ಚಿಕ್ಕಪ್ಪ ತೀರಿಕೊಂಡರು, ಕೇಸು ತೀರಲಿಲ್ಲ. ಈಗ ಅಪ್ಪನ ಜಾಗದಲ್ಲಿ ನಾನು, ಚಿಕ್ಕಪ್ಪನ ಜಾಗದಲ್ಲಿ ಅವರ ಮಗ. ವಾಯಿದೆಯ ದಿನ ಬೇರೆ ಬೇರೆ ಬೆಂಚಿನ ಮೇಲೆ ಕೂತು, ಬೇರೆ ಬೇರೆ ಹೋಟೆಲಿನಲ್ಲಿ ಕಾಫಿ ಕುಡಿದು, ಒಂದೇ ಬಸ್ಸಿನಲ್ಲಿ ಊರಿಗೆ ಬರುತ್ತೇವೆ.

ಹೋದ ನವೆಂಬರಿನಲ್ಲಿ ಮಗನ ಘಟಿಕೋತ್ಸವ ನೋಡಲು ನಾಟಿಂಗ್‌ಹ್ಯಾಮಿಗೆ ಹೋದೆ. ಅದೇ ಊರಿನ ಆಸ್ಪತ್ರೆಯೊಂದರಲ್ಲಿ ಆ ತಮ್ಮನ ಮಗಳು ಕೆಲಸಕ್ಕಿದ್ದಾಳೆಂದು ಗೊತ್ತಿತ್ತು. ಗೊತ್ತಿಲ್ಲದ್ದೆಂದರೆ, ನನ್ನ ಮಗನೂ ಅವಳೂ ಎರಡು ವರ್ಷದಿಂದ ಭಾನುವಾರಗಳಂದು ಒಂದೇ ಕುಕ್ಕರಿನಲ್ಲಿ ಅನ್ನ ಮಾಡಿಕೊಂಡು ಉಣ್ಣುತ್ತಿದ್ದರು ಎಂಬುದು. ಊರಿನಲ್ಲಿ ಎರಡು ಮನೆಗಳ ನಡುವೆ ಯುಗಾದಿಯ ಒಬ್ಬಟ್ಟು ಓಡಾಡುವುದು ನಿಂತು ಕಾಲು ಶತಮಾನವಾಗಿದೆ. ನನ್ನನ್ನು ಕಂಡದ್ದೇ ಹುಡುಗಿ ಬಗ್ಗಿ ಕಾಲು ಮುಟ್ಟಿದಳು. ಏನು ಹೇಳಬೇಕೆಂದು ತಿಳಿಯದೆ, "ಚಳಿ ಜಾಸ್ತಿ ಅಲ್ಲವೇನಮ್ಮ" ಎಂದೆ.

"ದೊಡ್ಡಪ್ಪ, ಗುರುವಾರ ನಂಗೆ ರಜ. ಎಲ್ಲಿಗೆ ಹೋಗೋಣ? ಲಂಡನ್ನಾ?"

"ಯಾವುದಾದ್ರೂ ಹಳ್ಳಿಗೆ ಕರಕೊಂಡು ಹೋಗಮ್ಮ. ಹೊಲ ನೋಡಬೇಕು."

ಅವಳು ನಕ್ಕಳು. ಅವಳ ಜೊತೆ ಕೆಲಸ ಮಾಡುವ ನರ್ಸಮ್ಮನೊಬ್ಬಳ ತವರು ಲ್ಯಾಕ್ಸ್ಟನ್ ಎಂಬ ಹಳ್ಳಿಯ ಪಕ್ಕದಲ್ಲಂತೆ. ಅಲ್ಲಿ ಇನ್ನೂ ಹಳೇ ಕಾಲದ ಹಾಗೆ ಊರವರೆಲ್ಲ ಸೇರಿ ಬೇಸಾಯ ಮಾಡುತ್ತಾರೆ, ವರ್ಷಕ್ಕೊಮ್ಮೆ ಎಲ್ಲರೂ ಹೊಲ ಸುತ್ತುತ್ತಾರೆ, ಅದು ಇದೇ ಗುರುವಾರ ಎಂದಳು. ಇದಕ್ಕಿಂತ ಹೆಚ್ಚು ಅವಳಿಗೂ ಗೊತ್ತಿರಲಿಲ್ಲ.

ನಾಟಿಂಗ್‌ಹ್ಯಾಮ್ ಬಿಟ್ಟು ಅರ್ಧ ಗಂಟೆಯಾಗುವಷ್ಟರಲ್ಲಿ ಕ್ಯಾಲೆಂಡರಿನ ಇಂಗ್ಲೆಂಡು ಶುರುವಾಯಿತು. ಏರು ತಗ್ಗಿನ ಹಸಿರು, ಅದನ್ನು ಚೌಕ ಚೌಕವಾಗಿ ಕತ್ತರಿಸಿದ ಮುಳ್ಳುಗಿಡದ ಬೇಲಿ, ಬೇಲಿಯ ತುಂಬ ಕೆಂಪು ಹಣ್ಣು. ಹೊಲದ ನಡುವೆ ಒಂಟಿ ಮನೆ, ಅದರ ಸುತ್ತ ಅದರದೇ ಜಮೀನು. ಎಲೆ ಉದುರಿದ ಮರಗಳು. ಕುರಿಗಳಂತೂ ಯಾರೋ ಎಣಿಸಿ ಇಟ್ಟ ಹಾಗೆ. ಚೆನ್ನಾಗಿತ್ತು. ಆದರೆ ಎಲ್ಲೂ ಒಬ್ಬ ಮನುಷ್ಯನಿಲ್ಲ. ನಮ್ಮ ಕಡೆ ಯಾವ ಹೊಲ ನೋಡಿದರೂ ಹುಲ್ಲಿನ ಹೊರೆ ಹೊತ್ತ ಹೆಂಗಸೋ, ಮೋಟರು ಹಾಕಲು ಹೊರಟ ಹುಡುಗನೋ, ಸುಮ್ಮನೆ ನಿಂತ ಮುದುಕನೋ ಒಬ್ಬರಾದರೂ ಕಾಣುತ್ತಾರೆ.

ನೀಸಾಲ್ ಎಂಬ ಹಳ್ಳಿ ದಾಟಿ ಬಲಕ್ಕೋ ಎಡಕ್ಕೋ ತಿರುಗಿದೆವು. ಸ್ವಲ್ಪ ದೂರದಲ್ಲೇ ಬೇಲಿಗಳು ಮಾಯವಾದವು. ಚೌಕಗಳಿಲ್ಲ, ತಡೆಯಿಲ್ಲ, ಉದ್ದಕ್ಕೆ ಬಯಲು. ಆಗಷ್ಟೇ ಮೊಳೆತ ಗೋಧಿಯ ಹಸಿರು ಬೆರಳಗಲ ಎದ್ದಿತ್ತು. ಹಿರಿಯೂರು ದಾಟಿದ ಮೇಲೆ ಸಿಗುವ ಬಯಲನ್ನು ಯಾರೋ ತೊಳೆದು ನೆನೆಸಿ ಇಲ್ಲಿ ಹಾಸಿದಂತಿತ್ತು. ಊರೊಳಗೆ ಹೋದರೆ ಇನ್ನೊಂದು ಆಶ್ಚರ್ಯ. ಒಂಟಿ ಮನೆಗಳ ದೇಶದಲ್ಲಿ ಇಲ್ಲಿ ಮಾತ್ರ ರೈತರ ಮನೆಗಳೆಲ್ಲ ಒಂದೇ ಬೀದಿಯಲ್ಲಿ ಒತ್ತಿಕೊಂಡು ನಿಂತಿವೆ. ಕೆಂಪು ಇಟ್ಟಿಗೆ, ಕೆಂಪು ಹೆಂಚು, ಹಿಂದೆ ಕೊಟ್ಟಿಗೆ, ಕಣಜ. ಹೊಲಗಳೆಲ್ಲ ಊರ ಹೊರಗೆ. ಥೇಟ್ ನಮ್ಮ ಗ್ರಾಮಠಾಣ.

ಕಾರಣ ಸರಳ. ಒಬ್ಬನ ಜಮೀನು ಒಂದೇ ಕಡೆ ಇದ್ದರೆ ಅದರ ನಡುವೆ ಮನೆ ಕಟ್ಟಿಕೊಳ್ಳಬಹುದು. ಲ್ಯಾಕ್ಸ್ಟನ್ನಿನ ರೈತನ ಜಮೀನು ಮೂರು ದೊಡ್ಡ ಹೊಲಗಳಲ್ಲಿ ಪಟ್ಟೆ ಪಟ್ಟೆಯಾಗಿ ಹರಡಿದೆ. ಪಶ್ಚಿಮದ ಹೊಲ, ಗಿರಣಿ ಹೊಲ, ದಕ್ಷಿಣದ ಹೊಲ. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬಿತ್ತನೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲು. ಯಾರೊಬ್ಬನೂ ತನಗಿಷ್ಟ ಬಂದದ್ದು ಬಿತ್ತುವಂತಿಲ್ಲ. ಒಂದು ಕಾಲಕ್ಕೆ ಇಂಗ್ಲೆಂಡಿನ ನಟ್ಟನಡುವಿನ ಜಿಲ್ಲೆಗಳಲ್ಲಿ ಇದೇ ಪದ್ಧತಿ ನಡೆಯುತ್ತಿತ್ತು. ಈಗ ಇಷ್ಟು ಪೂರ್ತಿಯಾಗಿ ಉಳಿದಿರುವುದು ಈ ಊರಿನಲ್ಲಿ ಮಾತ್ರ.

ಡವ್‌ಕೋಟ್ ಎಂಬ ಊರ ಪಬ್ಬಿನ ಮುಂದೆ ಟ್ರ್ಯಾಕ್ಟರು, ಅದಕ್ಕೆ ಕಟ್ಟಿದ ಟ್ರೈಲರು ನಿಂತಿತ್ತು. ದಪ್ಪ ಕೋಟು, ಮೊಣಕಾಲುದ್ದದ ರಬ್ಬರ್ ಬೂಟಿನ ಹನ್ನೆರಡು ಹದಿಮೂರು ಜನ ಅದನ್ನು ಹತ್ತುತ್ತಿದ್ದರು. ಇವರೇ ಜ್ಯೂರಿ. ಕರಿ ಕೋಟಿನ ವಕೀಲರಲ್ಲ, ಊರಿನ ರೈತರೇ. ಹೊಸದಾಗಿ ಗೋಧಿ ಬಿತ್ತಿದ ಹೊಲವನ್ನು ಸುತ್ತಿ, ಯಾರು ಪಕ್ಕದ ಪಟ್ಟೆಗೆ ನೇಗಿಲು ಹಾಯಿಸಿದ್ದಾರೆ, ಯಾರು ದಾರಿಯನ್ನೋ ಹುಲ್ಲಿನ ಜಾಗವನ್ನೋ ಉತ್ತುಬಿಟ್ಟಿದ್ದಾರೆ, ಯಾರ ಕಾಲುವೆ ಕಟ್ಟಿಕೊಂಡಿದೆ ಎಂದು ನೋಡುವುದು ಅವರ ಕೆಲಸ. ದೂರ ನಿಂತು ನೋಡುವ ನಮ್ಮನ್ನು ಯಾರೂ ಬೇಡವೆನ್ನಲಿಲ್ಲ. ಹಿಂದೆ ಹಿಂದೆ ನಡೆದೆವು. ನಡೆದೆವು ಎನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಆ ಮಣ್ಣಿನ ಬಣ್ಣ ನಮ್ಮ ಹೊಲದ್ದೇ, ಕೆಂಪು. ಗುಣ ಮಾತ್ರ ಗದಗಿನ ಎರೆಯದು. ಹತ್ತು ಹೆಜ್ಜೆಗೆ ಬೂಟು ಎರಡೆರಡು ಸೇರು ತೂಗತೊಡಗಿತು.

ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಬದುವೇ ಇಲ್ಲ ಎಂಬುದು. ಒಬ್ಬನ ಗೋಧಿ ಮುಗಿದ ಕಡೆಯಿಂದಲೇ ಇನ್ನೊಬ್ಬನ ಗೋಧಿ ಶುರು. ನಡುವೆ ಒಂದು ನೇಗಿಲ ಸಾಲು, ಅಷ್ಟೆ. ಪಟ್ಟೆಯ ತುದಿಗೆ ಬಂದಾಗ ಜ್ಯೂರಿಯವರು ಇಳಿದು ಅಳೆದರು, ಏನೋ ವಾದ ಮಾಡಿದರು, ನಕ್ಕರು. ಒಬ್ಬ ಗೂಟ ಹಿಡಿದ, ಇನ್ನೊಬ್ಬ ಕೊಡತಿಯಿಂದ ಬಡಿದ. ಬಯಲಿನಲ್ಲಿ ಆ ಸದ್ದು ಎರಡು ಸಲ ಕೇಳಿಸುತ್ತಿತ್ತು.

ಒಂದು ಪಟ್ಟೆಯ ಹತ್ತಿರ ವಾದ ಸ್ವಲ್ಪ ಜೋರಾಯಿತು. ಬಿತ್ತನೆ ಗೆರೆ ದಾಟಿ ಗಾಡಿದಾರಿಯ ಹುಲ್ಲಿನೊಳಗೆ ಬಂದಿತ್ತು. ಒಂದಡಿಯೋ, ಒಂದೂವರೆಯೋ. ಪಟ್ಟೆಯವನು ಅಲ್ಲೇ ಇದ್ದ, ಜ್ಯೂರಿಯಲ್ಲಿ ಅವನೂ ಒಬ್ಬ. ಮುಖ ಕೆಂಪಗೆ ಮಾಡಿಕೊಂಡು ಟ್ರ್ಯಾಕ್ಟರಿನ ಮೇಲೆ ತಪ್ಪು ಹೊರಿಸಿದ. ಯಾರೂ ಒಪ್ಪಲಿಲ್ಲ. ಗೂಟ ಬಿತ್ತು, ಬರೆದುಕೊಳ್ಳುವವನು ಬರೆದುಕೊಂಡ, ಟ್ರೈಲರು ಮುಂದೆ ಹೋಯಿತು. ಎಲ್ಲ ಸೇರಿ ಐದು ನಿಮಿಷ ಆಗಿರಬಹುದು. ನಾನು ಹುಡುಗಿಯ ಮುಖ ನೋಡಲಿಲ್ಲ. ಅವಳೂ ನನ್ನ ಮುಖ ನೋಡಲಿಲ್ಲವೆಂದು ಕಾಣುತ್ತದೆ.

ಟ್ರೈಲರು ಹತ್ತಲು ಮೊಣಕಾಲು ಒಪ್ಪದ ಒಬ್ಬ ಹಿರಿಯ ರೈತ ನಮ್ಮ ಜೊತೆ ಹಿಂದುಳಿದಿದ್ದ. ನಾನೂ ಹೊಲದವನು ಎಂದು ತಿಳಿದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ಮಣ್ಣಿನದು, ಎರಡನೆಯದು ಮಳೆಯದು. ನಾನು ಕೇಳಿದ್ದು, ಎಲ್ಲ ಊರಿನ ರೈತರೂ ಕೇಳುವುದನ್ನೇ: ಎಷ್ಟು ಎಕರೆ? ಲೆಕ್ಕ ಹೇಳಿ, "ನನ್ನದಲ್ಲ, ಎಸ್ಟೇಟಿನದು. ನಾನು ಗೇಣಿದಾರ" ಎಂದ. ಅವನಪ್ಪನೂ ಅಷ್ಟೆ, ಅವನ ಅಜ್ಜನೂ ಅಷ್ಟೆ. ಉಳುವವನೇ ಹೊಲದೊಡೆಯ ಎಂದು 1974ರಲ್ಲಿ ಕಾನೂನು ತಿದ್ದಿದ ರಾಜ್ಯದಿಂದ ಹೋದವನು ನಾನು. ಒಡೆತನವಿಲ್ಲದ ಮನುಷ್ಯ ಹೊಲದ ಬಗ್ಗೆ ಇಷ್ಟು ಅಧಿಕಾರದಿಂದ ಮಾತಾಡುವುದು ವಿಚಿತ್ರವೆನಿಸಿತು. ಒಡೆಯರೇನೋ ಬದಲಾಗುತ್ತಲೇ ಬಂದಿದ್ದಾರೆ. ಥೋರ್ಸ್‌ಬಿಯ ಅರ್ಲ್ ಮನೆತನ 1952ರಲ್ಲಿ ಕೃಷಿ ಮಂತ್ರಾಲಯಕ್ಕೆ ಮಾರಿತು. 1981ರಲ್ಲಿ ಅದು ರಾಜಮನೆತನದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು. 2020ರಲ್ಲಿ ತಿರುಗಿ ಥೋರ್ಸ್‌ಬಿಗೇ ಬಂತು. ಗೂಟ ಹೊಡೆಯುವುದು ಮಾತ್ರ ಯಾರ ಕಾಲದಲ್ಲೂ ನಿಂತಿಲ್ಲ.

ಪಟ್ಟೆಗಳ ಗುಂಪಿಗೆ ಅವರು ಏನನ್ನುತ್ತಾರೆ ಎಂದು ಕೇಳಿದೆ. "ಫರ್ಲಾಂಗ್" ಎಂದ. ನಾನು ನಿಂತುಬಿಟ್ಟೆ. ಫರ್ಲಾಂಗು ನಮ್ಮೂರಿನ ಮಾತಲ್ಲವೇ! ನಮ್ಮಜ್ಜಿ ಸಾಯುವತನಕ ಮೈಲಿ, ಫರ್ಲಾಂಗು ಬಿಟ್ಟು ಕಿಲೋಮೀಟರು ಅಂದವಳಲ್ಲ. ಅವನು ಬಿಡಿಸಿ ಹೇಳಿದ. ಫರೋ ಎಂದರೆ ನೇಗಿಲ ಸಾಲು. ಒಂದು ಸಾಲಿನ ಉದ್ದ, ಅಂದರೆ ಎತ್ತುಗಳು ದಮ್ಮು ತೆಗೆದುಕೊಳ್ಳದೆ ಒಂದು ಬೀಸಿಗೆ ಎಳೆಯಬಲ್ಲ ದೂರ, ಅದೇ ಫರ್ಲಾಂಗು. 220 ಗಜ. ಅಷ್ಟು ಉದ್ದ, 22 ಗಜ ಅಗಲ ಉತ್ತರೆ ಒಂದು ಎಕರೆ. ಒಂದು ನೇಗಿಲಿನ ಒಂದು ದಿನದ ದುಡಿಮೆ.

ಎಂಥ ಮಾತು! ನಾವು ಖಂಡುಗದ ಹೊಲ, ಕೊಳಗದ ಹೊಲ ಎಂದು ಬಿತ್ತುವ ಬೀಜದಿಂದ ಭೂಮಿ ಎಣಿಸುತ್ತಿದ್ದವರು. ಉತ್ತರದ ಕಡೆಯವರು ಕೂರಿಗೆಯ ಲೆಕ್ಕದಲ್ಲಿ ಎಣಿಸುತ್ತಿದ್ದರು. ಸರ್ವೆಯವರು ಬಂದು 33 ಅಡಿಯ ಸರಪಳಿ ಎಳೆದು, 40 ಗುಂಟೆಗೆ ಒಂದು ಎಕರೆ ಎಂದು ಬರೆದರು. ಆ ಎಕರೆಯ ಒಳಗೆ ಸೇರಿಕೊಂಡಿದ್ದದ್ದು ಇಂಥ ಜಿಗಟು ಮಣ್ಣಿನಲ್ಲಿ ಏದುಸಿರು ಬಿಟ್ಟ ಯಾವುದೋ ಎತ್ತಿನ ದಮ್ಮು. ನಮ್ಮ ಕೇಸಿನ ಕಡತದಲ್ಲಿ ಜಮೀನಿನ ವಿಸ್ತೀರ್ಣ ಎಕರೆ ಗುಂಟೆಯಲ್ಲೇ ಇದೆ. ಎರಡೂ ಕಡೆಯ ವಕೀಲರಿಗೆ ಎತ್ತು ನೆನಪಿಲ್ಲ.

ಮಧ್ಯಾಹ್ನ ಪಬ್ಬಿನೊಳಗೆ ಬೆಂಕಿ ಉರಿಯುತ್ತಿತ್ತು. ಜ್ಯೂರಿಯವರದು ಉದ್ದನೆಯ ಒಂದು ಮೇಜು, ನಮ್ಮದು ಮೂಲೆಯದು. ಲೀಕ್ ಮತ್ತು ಆಲೂಗಡ್ಡೆಯ ಸೂಪು ಬಂತು, ಗಟ್ಟಿ ಬ್ರೆಡ್ಡು, ಕೈಗೆ ಅಂಟುವಷ್ಟು ಬೆಣ್ಣೆ. ಉಪ್ಪು ಕಮ್ಮಿ, ಖಾರ ಇಲ್ಲವೇ ಇಲ್ಲ, ಆದರೆ ಆ ಚಳಿಗೆ ಅಷ್ಟು ಬಿಸಿಯಾದದ್ದು ಏನು ಕೊಟ್ಟರೂ ಅಮೃತ. ಹುಡುಗಿ ಬ್ಯಾಗಿನಿಂದ ಸಣ್ಣ ಡಬ್ಬಿ ತೆಗೆದು, ಯಾರೂ ನೋಡದಂತೆ ನನ್ನ ಬೆಣ್ಣೆಯ ಮೇಲೆ ಹುಚ್ಚೆಳ್ಳು ಚಟ್ನಿಪುಡಿ ಉದುರಿಸಿದಳು. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು, ಇದು ಅವರಮ್ಮನ ಕೈ. ಆ ಚಟ್ನಿಪುಡಿ ತಿಂದು ನನಗೆ ಇಪ್ಪತ್ತೈದು ವರ್ಷವಾಗಿತ್ತು.

ಕೊನೆಗೆ ಸೇಬಿನ ಕ್ರಂಬಲ್ ಬಂತು. ಮೇಲೆ ಹಿಟ್ಟು ಬೆಣ್ಣೆಯ ಪುಡಿ, ಒಳಗೆ ಹುಳಿ ಸೇಬು, ಸುತ್ತ ಹಳದಿ ಕಸ್ಟರ್ಡು. ಬಡಿಸಿದಾಕೆ ಇದು ಬ್ರಾಮ್ಲಿ ಸೇಬು, ಪಕ್ಕದ ಸೌತ್‌ವೆಲ್‌ನದೇ ತಳಿ ಎಂದು ಹೆಮ್ಮೆಯಿಂದ ಹೇಳಿದಳು. ಅದರ ಕಥೆಯೂ ಒಡೆತನದ್ದೇ. 1809ರಲ್ಲಿ ಬೀಜ ಹಾಕಿ ಗಿಡ ಎಬ್ಬಿಸಿದವಳು ಮೇರಿ ಆನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ. ಮುಂದೆ ಆ ಮನೆ ಕೊಂಡವನು ಬ್ರಾಮ್ಲಿ ಎಂಬ ಕಸಾಯಿ. ಕಸಿ ಮಾಡಿ ಮಾರುತ್ತೇನೆಂದು ಬಂದ ನರ್ಸರಿಯವನಿಗೆ, ಮಾರು, ಆದರೆ ಹೆಸರು ನನ್ನದಿರಲಿ ಎಂದ. ಹಾಗೇ ಆಯಿತು.

ಉದ್ದನೆಯ ಮೇಜಿನಲ್ಲಿ ದಂಡದ ಮಾತು ನಡೆಯುತ್ತಿತ್ತು. ಗೆರೆ ದಾಟಿದವನಿಗೆ ಎಷ್ಟು ಹಾಕಬೇಕೆಂದು ಅವನೆದುರೇ ಚರ್ಚೆ, ಅವನ ತಟ್ಟೆಗೇ ಇನ್ನೊಂದು ಚೂರು ಪೈ. ದಂಡ ಕೆಲವೇ ಪೌಂಡು, ನಾವು ಕುಡಿದ ಸೂಪಿನ ದುಡ್ಡು. ಮುಂದಿನ ವಾರ ಕೋರ್ಟ್ ಲೀಟ್ ಎಂಬ ಊರ ಕೋರ್ಟು ಇದೇ ಪಬ್ಬಿನಲ್ಲಿ ಕೂತು ಅದನ್ನು ಖಾಯಂ ಮಾಡುತ್ತದೆ, ಮುಂದಿನ ವರ್ಷದ ಜ್ಯೂರಿಗೆ ಪ್ರಮಾಣವಚನ ಕೊಡುತ್ತದೆ. ಇದು ಪ್ರವಾಸಿಗರಿಗೆ ಆಡುವ ನಾಟಕವಲ್ಲ. ಇಂಥ ಹಳೆಯ ಕೋರ್ಟುಗಳ ಅಧಿಕಾರವನ್ನೆಲ್ಲ ಕಿತ್ತುಹಾಕಿದ 1977ರ ಕಾಯ್ದೆ ಲ್ಯಾಕ್ಸ್ಟನ್ನಿನದಕ್ಕೆ ವಿನಾಯಿತಿ ಕೊಟ್ಟಿದೆ.

ಊಟವಾದ ಮೇಲೆ ಪಕ್ಕದ ಪ್ರದರ್ಶನದ ಕೋಣೆಯಲ್ಲಿ ಊರಿನ ಹಳೆಯ ನಕಾಶೆಯ ಪ್ರತಿ ನೋಡಿದೆವು. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬವನು ಬರೆದದ್ದು. ಮೂಲ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಎರಡು ಸಾವಿರಕ್ಕೂ ಹೆಚ್ಚು ಪಟ್ಟೆಗಳನ್ನು ಒಂದೊಂದಾಗಿ ಎಳೆದಿದ್ದಾನೆ. ನಡುನಡುವೆ ಉಳುವವರು, ಕೊಯ್ಯುವವರು, ಜಿಂಕೆ ಬೆನ್ನಟ್ಟುವವರು, ಹೆಬ್ಬೆರಳಿನ ಉಗುರಿನಷ್ಟು. ನಮ್ಮ ಗ್ರಾಮನಕಾಶೆಯಲ್ಲಿ ಗೆರೆ, ಸರ್ವೆ ನಂಬರು, ಕೆರೆಗೊಂದು ನೀಲಿ ಇರುತ್ತದೆಯೇ ಹೊರತು ಮನುಷ್ಯರನ್ನು ಯಾರೂ ಬರೆದಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪಟ್ಟೆಗಳನ್ನು ಕೂಡಿಸಿ ದೊಡ್ಡದು ಮಾಡಿದ್ದರಿಂದ ಈಗ ಅವುಗಳ ಸಂಖ್ಯೆ ಇನ್ನೂರರ ಒಳಗಿದೆ. ಮೂರು ಹೊಲಗಳೂ ಹಿಂದಿಗಿಂತ ಕುಗ್ಗಿವೆ. ಇದ್ದದ್ದು ಇದ್ದ ಹಾಗೇ ಉಳಿದಿದೆ ಎಂದರೆ ಸುಳ್ಳಾಗುತ್ತದೆ.

ಉಳಿದ ಊರುಗಳಿಗೆ ಆದದ್ದು ಬೇಲಿ. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಬೇಲಿ ಕಾನೂನುಗಳನ್ನು ಮಾಡಿ, 68 ಲಕ್ಷ ಎಕರೆಯನ್ನು, ಅಂದರೆ ಇಂಗ್ಲೆಂಡಿನ ಐದನೇ ಒಂದು ಭಾಗವನ್ನು ಒಬ್ಬೊಬ್ಬರ ಹೆಸರಿಗೆ ಬರೆಯಿತು. ಪಟ್ಟೆಗಳು ಕೂಡಿಕೊಂಡು ಚೌಕಗಳಾದವು. ದೊಡ್ಡವರಿಗೆ ಅನುಕೂಲವಾಯಿತು, ಬೆಳೆಯೂ ಹೆಚ್ಚಿತು. ಗೋಮಾಳದಲ್ಲಿ ಒಂದು ಹಸು ಮೇಯಿಸಿಕೊಂಡು, ಅಲ್ಲೇ ಸೌದೆ ಆರಿಸಿಕೊಂಡಿದ್ದ ಬಡವನಿಗೆ ಹಸುವೂ ಹೋಯಿತು, ಸೌದೆಯೂ ಹೋಯಿತು. ಬೆಳಿಗ್ಗೆ ನಾನು ಬಾಯಿ ಬಿಟ್ಟು ನೋಡಿದ ಕ್ಯಾಲೆಂಡರಿನ ಚೌಕಗಳಲ್ಲಿ ಬಹಳಷ್ಟು ಹೀಗೆ ಹುಟ್ಟಿದವು. ಬೇಲಿ ಚೆಂದವಾಗಿದೆ, ನಿಜ. ಹೊಲದಲ್ಲಿ ಮನುಷ್ಯರು ಏಕೆ ಕಾಣಲಿಲ್ಲ ಎಂಬುದಕ್ಕೆ ಅರ್ಧ ಉತ್ತರವೂ ಅಲ್ಲೇ ಇದೆ.

ಹಾಗಾದರೆ ಲ್ಯಾಕ್ಸ್ಟನ್ ಹೇಗೆ ತಪ್ಪಿಸಿಕೊಂಡಿತು? ಮುದುಕ ಕಣ್ಣು ಮಿಟುಕಿಸಿ, ಜಗಳ ಎಂದ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ಜಮೀನು ಇಬ್ಬರು ಅರ್ಲ್‌ಗಳ ಕೈಯಲ್ಲಿತ್ತು, ಮ್ಯಾನ್ವರ್ಸ್ ಒಬ್ಬ, ಸ್ಕಾರ್ಬ್ರೋ ಇನ್ನೊಬ್ಬ. ಯಾವ ಜಮೀನಿಗೆ ಯಾವುದು ಬದಲು ಎಂದು ಇಬ್ಬರಿಗೂ ಒಪ್ಪಂದವಾಗದೆ ಬೇಲಿಯ ಕೆಲಸ ಅರ್ಧಕ್ಕೇ ಬಿತ್ತಂತೆ. ಒಂದು ಜಗಳ ಊರನ್ನು ಉಳಿಸಿತು. ನಮ್ಮಲ್ಲಿ ಜಗಳಕ್ಕೆ ಆ ಪುಣ್ಯ ಇಲ್ಲ.

ಕತ್ತಲಾಗುವ ಮೊದಲು ಊರನ್ನು ಇನ್ನಷ್ಟು ಸುತ್ತಿದೆವು. ಕೋಟೆಯ ದಿಬ್ಬವಿದೆ, ಹಳೆಯ ನಾರ್ಮನ್ನರದು, ಹುಲ್ಲು ಮುಚ್ಚಿದೆ. ಅದಕ್ಕಿಂತ ನನ್ನನ್ನು ನಿಲ್ಲಿಸಿದ್ದು ದೊಡ್ಡಿ. ಬೀಡಾಡಿ ದನ ಕೂಡುವ ಕಟ್ಟೆ, ನಮ್ಮೂರಲ್ಲಿ ಪಂಚಾಯಿತಿ ಆಫೀಸಿನ ಹಿಂದೆ ಗೋಡೆ ಬಿದ್ದು ಜಾಲಿ ಬೆಳೆದಿರುವುದು, ಅದೇ ಇಲ್ಲಿ ಅಚ್ಚುಕಟ್ಟಾಗಿ ನಿಂತಿದೆ. ಉಳಲಾಗದ ಹಳ್ಳ ತಗ್ಗುಗಳನ್ನು ಸೈಕ್ ಎನ್ನುತ್ತಾರೆ. ನಮ್ಮ ಪಹಣಿಯಲ್ಲಿ ಖರಾಬು ಎಂದು ಬರೆಯುವಂಥ ಜಾಗ. ಅದರ ಹುಲ್ಲನ್ನು ರೈತರ ನಡುವೆ ಹರಾಜು ಹಾಕುತ್ತಾರೆ, ನಮ್ಮಲ್ಲಿ ಗೋಮಾಳದ ಹುಣಸೆ ಮರ ಹರಾಜು ಹಾಕುವ ಹಾಗೆ. ಶತಮಾನಗಳಿಂದ ನೇಗಿಲು ಕಾಣದ ಆ ಜಾಗಗಳಲ್ಲಿ ಬೇಸಿಗೆಯಲ್ಲಿ ಅಪರೂಪದ ಹೂ ಬಿಡುತ್ತವಂತೆ. ನಮಗೆ ಕಂಡದ್ದು ಒದ್ದೆ ಹುಲ್ಲು, ಅದರ ಮೇಲೆ ಮೇಯುತ್ತಿದ್ದ ಬೂದು ಹಕ್ಕಿಗಳ ಹಿಂಡು.

ನಮ್ಮ ಊರಿನಲ್ಲೂ ಇವೆಲ್ಲ ಇದ್ದವು ಎಂಬುದೇ ತಿರುಗಿ ತಿರುಗಿ ಮನಸ್ಸಿಗೆ ಬರುತ್ತಿತ್ತು. ಕೆರೆ ನೀರು ಸರದಿ ಬಿಡುವ ನೀರಗಂಟಿ, ಕಾವಲಿನ ತಳವಾರ, ಗಡಿ ಬಲ್ಲ ತೋಟಿ. ಹಳೇದೆಲ್ಲ ಒಳ್ಳೇದು ಎಂದು ನಾನು ಹೇಳಲಾರೆ. ಆ ಕೆಲಸಗಳು ಜಾತಿಗೆ ಅಂಟಿದ್ದವು, ಬಿಟ್ಟಿಯಾಗಿ ಮಾಡಿಸಿಕೊಂಡದ್ದೇ ಹೆಚ್ಚು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ತೆಗೆದುಹಾಕಿದ್ದು ನ್ಯಾಯವೇ. ಲ್ಯಾಕ್ಸ್ಟನ್ನಿನಲ್ಲೂ ಮೇಲೊಬ್ಬ ಧಣಿ ಇದ್ದೇ ಇದ್ದಾನೆ. ನನ್ನ ಹೊಟ್ಟೆಕಿಚ್ಚು ಬೇರೆಯದಕ್ಕೆ. ನಮ್ಮೂರಿನ ಗಡಿ ಈಗ ಕಾಗದದಲ್ಲಿದೆ. ಪಹಣಿ, ಪೋಡಿ, ಸ್ಕೆಚ್ಚು ಎಲ್ಲ ಪಕ್ಕಾ. ಆದರೆ ಹನ್ನೆರಡು ಜನ ಒಟ್ಟಿಗೆ ಹೊಲದಲ್ಲಿ ನಿಂತು, ಇಗೋ ಇಲ್ಲಿ, ಎಂದು ಹೇಳಿ ಆಮೇಲೆ ಒಟ್ಟಿಗೆ ಉಂಡದ್ದನ್ನು ನಾನು ನೋಡಿಲ್ಲ. ನಮ್ಮ ಕೇಸಿನಲ್ಲಿ ಮೂರು ಜನ ಜಡ್ಜರು ಬದಲಾದರು, ಅವರಲ್ಲಿ ಒಬ್ಬರೂ ಆ ಬದು ತುಳಿದವರಲ್ಲ. ಅವರನ್ನೇಕೆ ಅನ್ನಲಿ, ಕಳೆದ ಹತ್ತು ವರ್ಷದಲ್ಲಿ ನಾನೇ ತುಳಿದಿಲ್ಲ.

ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗಿದ. ಹುಡುಗಿ ಹೀಟರು ಹಾಕಿ ಕಾರು ಹೊರಡಿಸಿದಳು. ನೀಸಾಲ್ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ.

"ದೊಡ್ಡಪ್ಪ, ನಮ್ಮದು ಎಷ್ಟು ಅಡಿ?"

"ಯಾವುದು?"

"ಅದೇ. ಬದು."

"ಒಂದೂವರೆ."

ಅವಳು ರಸ್ತೆ ನೋಡುತ್ತಲೇ ಸ್ಟಿಯರಿಂಗಿನಿಂದ ಎಡಗೈ ತೆಗೆದು, ಹೆಬ್ಬೆರಳು ಕಿರುಬೆರಳು ಅಗಲಿಸಿ ಗೇಣು ಮಾಡಿದಳು. "ಎರಡು ಗೇಣು," ಎಂದಳು. ಮತ್ತೆ ಕೈ ಸ್ಟಿಯರಿಂಗಿಗೆ ಹೋಯಿತು.

ಡಿಸೆಂಬರಿನಲ್ಲಿ ಊರಿಗೆ ಬಂದ ಎರಡನೇ ದಿನವೇ ತಮ್ಮನಿಗೆ ಫೋನು ಮಾಡಿದೆ. ನಂಬರು ಮಗಳೇ ಕೊಟ್ಟಿದ್ದಳು. ಒಂದು ದಿನ ಇಬ್ಬರೂ ಹೊಲಕ್ಕೆ ಹೋಗಿ ಬರೋಣವೇ, ವಕೀಲರು ಬೇಡ, ಸುಮ್ಮನೆ ನೋಡಿ ಬರೋಣ ಎಂದೆ. ಆ ಕಡೆ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ರಾಗಿ ಕೊಯ್ಲು ಮುಗೀಲಣ್ಣ" ಎಂದ. ಅಣ್ಣ ಎಂದದ್ದು ಅಭ್ಯಾಸಬಲವೋ ಏನೋ.

ರಾಗಿ ಕೊಯ್ದು, ಒಕ್ಕಣೆಯಾಗಿ, ಹುಲ್ಲಿನ ಬಣವೆಯೂ ಆಯಿತು. ಅವನು ಫೋನು ಮಾಡಿಲ್ಲ, ನಾನೂ ಮಾಡಿಲ್ಲ. ಬೂಟಿನ ಅಡಿ ಒಣಗಿ ಕಲ್ಲಾಗಿರುವ ಲ್ಯಾಕ್ಸ್ಟನ್ನಿನ ಮಣ್ಣನ್ನು ತೊಳೆಯಬೇಡವೆಂದು ಮನೆಯವಳಿಗೆ ಹೇಳಿದ್ದೇನೆ. ಮುಂದಿನ ವಾಯಿದೆ ಏಪ್ರಿಲ್ 9ಕ್ಕೆ.